ಕಬೀರನ ಪುಸ್ತಕದ ಮೇಲೆ ಸಣ್ಣ ಅಕ್ಷರದ ಹೆಸರು

ಕಲಬುರಗಿಯಲ್ಲಿ ಹಳೇ ಪುಸ್ತಕ ಮಾರುವವರೊಬ್ಬರ ಹತ್ತಿರ ನಮಗೆ ಕಬೀರನ ಪದಗಳ ಇಂಗ್ಲಿಷ್ ಪುಸ್ತಕ ಸಿಕ್ಕಿತು. ರಟ್ಟು ಕಿತ್ತುಹೋಗಿತ್ತು, ಒಳಗಿನ ಹಾಳೆ ಗಟ್ಟಿಯಾಗಿದ್ದವು. ಮೊದಲ ಪುಟದಲ್ಲಿ ಅನುವಾದಕರಾಗಿ ರವೀಂದ್ರನಾಥ ಟಾಗೋರರ ಹೆಸರು ದೊಡ್ಡದಾಗಿತ್ತು. ಅದರ ಕೆಳಗೆ, ನೆರವಾದವರು ಎಂದು ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರು: ಎವೆಲಿನ್ ಅಂಡರ್‌ಹಿಲ್.

ಅದೇ ವಾರ ಕೆಂಪು ಬಾಳೆಯ ವರದಿಗೆಂದು ಕಮಲಾಪುರಕ್ಕೆ ಹೋಗಿದ್ದೆವು. ಸಂಜೆ ಒಬ್ಬ ಅಜ್ಜನ ಮನೆಯಲ್ಲಿ ಚಹಾ ಕುಡಿಯುತ್ತ ಕೂತಾಗ ಪುಸ್ತಕ ಅವರ ಕೈಗೆ ಹೋಯಿತು. ಅಜ್ಜ ಕಡಕೋಳ ಮಡಿವಾಳಪ್ಪನ ಪದ, ಕಬೀರನ ದೋಹಾ ಎರಡನ್ನೂ ಭಜನೆಯಲ್ಲಿ ಹಾಡುವವರು. ನಾವು ಹೆಸರು ಓದಿ ಹೇಳಿದೆವು. "ಈಕಿ ಯಾರ್ರೀ? ಟಾಗೋರರಿಗೇ ನೆರವು ಕೊಟ್ಟಾಳಂದ್ರ ಸಣ್ಣಾಕಿ ಇರಲಿಕ್ಕಿಲ್ಲ" ಅಂದರು. ನಮ್ಮಲ್ಲಿ ಉತ್ತರ ಇರಲಿಲ್ಲ. ವಾಪಸ್ ಬಂದು ಓದಿದೆವು. ಅಜ್ಜನ ಅಂದಾಜು ಸರಿಯಿತ್ತು.

ಎವೆಲಿನ್ ಹುಟ್ಟಿದ್ದು 1875ರ ಡಿಸೆಂಬರ್ 6ರಂದು, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ. ತಂದೆ ಆರ್ಥರ್ ಅಂಡರ್‌ಹಿಲ್ ಲಂಡನ್ನಿನ ದೊಡ್ಡ ವಕೀಲರು, ಹಾಯಿದೋಣಿಯ ಹುಚ್ಚಿನವರು. ಒಬ್ಬಳೇ ಮಗಳು. ಮನೆಯಲ್ಲಿ ದೇವರು-ದಿಂಡರ ಗೊಡವೆ ಹೆಚ್ಚಿರಲಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಹಿಳಾ ವಿಭಾಗದಲ್ಲಿ ಇತಿಹಾಸ, ಸಸ್ಯಶಾಸ್ತ್ರ ಓದಿದರು. ಯೌವನದಲ್ಲಿ ದೇವರ ಮೇಲೆ ನಂಬಿಕೆಯೂ ಇರಲಿಲ್ಲ. ಇಟಲಿಗೆ ಹೋಗಿ ಹಳೇ ಚರ್ಚುಗಳ ಚಿತ್ರಗಳನ್ನು ನೋಡುತ್ತ ನಿಂತಾಗ ಒಳಗೇನೋ ಅಲುಗಾಡಿತು. ಸ್ವಲ್ಪ ದಿನ ಲಂಡನ್ನಿನ ಒಂದು ಗುಪ್ತವಿದ್ಯೆಯ ಸಂಘಕ್ಕೂ ಸೇರಿದ್ದರು, ಬೇಗನೇ ಹೊರಬಂದರು. ಆ ಅನುಭವ ದಂಡವಾಗಲಿಲ್ಲ. ಮುಂದೆ ಅವರು ಎಳೆದ ಒಂದು ಗೆರೆ ನಮ್ಮ ಊರುಗಳಲ್ಲಿ ಎಲ್ಲರೂ ಕೇಳಬೇಕಾದದ್ದು: ಮಂತ್ರವಿದ್ಯೆಯವನು ದೇವರಿಂದ ಏನಾದರೂ ಪಡೆಯಲು ಹೋಗುತ್ತಾನೆ, ಅನುಭಾವಿ ತನ್ನನ್ನೇ ಕೊಡಲು ಹೋಗುತ್ತಾನೆ.

ಅನುಭಾವ ಎಂಬ ಮಾತು ನಮಗೆ ಹೊಸದಲ್ಲ. ಅಕ್ಕಮಹಾದೇವಿಯ ಹೆಸರು ಕೇಳದ ಮನೆ ಈ ಭಾಗದಲ್ಲಿಲ್ಲ. ಬಂದೇನವಾಜರ ದರ್ಗಾಕ್ಕೆ ಹೋಗುವವರಿಗೂ, ಶರಣಬಸವೇಶ್ವರರ ತೇರು ಎಳೆಯುವವರಿಗೂ ಇದನ್ನು ಬಿಡಿಸಿ ಹೇಳುವ ಕೆಲಸವಿಲ್ಲ. ಕ್ರೈಸ್ತರಲ್ಲೂ ಇಂಥ ದಾರಿ ಉಂಟು, ಅದರಲ್ಲಿ ಹೆಣ್ಣುಮಕ್ಕಳು ಬಹಳ ಮಂದಿ ನಡೆದಿದ್ದಾರೆ ಎಂಬುದು ಮಾತ್ರ ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಇಂಗ್ಲೆಂಡಿನ ನಾರ್ವಿಚ್ಚಿನಲ್ಲಿ 14ನೇ ಶತಮಾನದಲ್ಲಿ ಚರ್ಚಿಗೆ ಅಂಟಿದ ಒಂದು ಕೋಣೆಯಲ್ಲಿ ಬಾಳಿದ ಜೂಲಿಯನ್, ಇಟಲಿಯಲ್ಲಿ ಪೋಪರಿಗೇ ಕಾಗದ ಬರೆದು ಬುದ್ಧಿ ಹೇಳಿದ ಸಿಯೆನಾದ ಕ್ಯಾಥರೀನ್, ಗಾಡಿಯಲ್ಲಿ ಸ್ಪೇನ್ ದೇಶ ಸುತ್ತಿ ಮಠಗಳನ್ನು ಕಟ್ಟಿದ ತೆರೇಸಾ. ಇವರ ಮಾತುಗಳನ್ನೆಲ್ಲ ಒಂದೆಡೆ ತಂದು, ಸಾಮಾನ್ಯ ಓದುಗರಿಗೆ ತಿಳಿಯುವಂತೆ ಇಟ್ಟದ್ದು ಎವೆಲಿನ್.

ಆದರೆ ಆ ಪುಸ್ತಕಕ್ಕೆ ಮೊದಲು 1907 ಬಂತು.

ಆ ವರ್ಷದ ಆರಂಭದಲ್ಲಿ ಅವರು ಸೌತಾಂಪ್ಟನ್ನಿನ ಒಂದು ಕಾನ್ವೆಂಟಿನಲ್ಲಿ ಕೆಲವು ದಿನ ಇದ್ದರು. ಕಾನ್ವೆಂಟ್ ಅಂದರೆ ಇಲ್ಲಿ ಇಂಗ್ಲಿಷ್ ಸಾಲಿ ಅಲ್ಲ, ಸನ್ಯಾಸಿನಿಯರ ಮಠ. ಅಲ್ಲಿಂದ ಹೊರಬರುವಾಗ ತಾನು ಕ್ಯಾಥೋಲಿಕ್ ಆಗಬೇಕು ಎಂಬುದು ಅವರಿಗೆ ಖಚಿತವಾಗಿತ್ತು. ಇಂಗ್ಲೆಂಡಿನ ಚರ್ಚು ಬೇರೆ, ಪೋಪರ ಕ್ಯಾಥೋಲಿಕ್ ಚರ್ಚು ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಅಲ್ಲಿ ಮನೆತನ ಒಡೆಯುವಂಥ ಮಾತು. ಮದುವೆ ನಿಶ್ಚಯವಾಗಿತ್ತು. ವರ ಹ್ಯೂಬರ್ಟ್ ಸ್ಟುವರ್ಟ್ ಮೂರ್, ಬಾಲ್ಯದ ಗೆಳೆಯ, ಅವರೂ ವಕೀಲರು. ಕ್ಯಾಥೋಲಿಕ್ ಆದರೆ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಬೇಕು. ಗಂಡ-ಹೆಂಡಿರ ನಡುವೆ ಮೂರನೆಯವನು ಯಾಕೆ ಎಂಬುದು ಹ್ಯೂಬರ್ಟರ ತಕರಾರು. ಎವೆಲಿನ್ ಸ್ವಲ್ಪ ಕಾಯೋಣ ಅಂದರು. ಜುಲೈನಲ್ಲಿ ಮದುವೆಯಾಯಿತು. ಸೆಪ್ಟೆಂಬರಿನಲ್ಲಿ ಪೋಪ್ ಹತ್ತನೇ ಪಯಸ್ ಒಂದು ಆಜ್ಞಾಪತ್ರ ಹೊರಡಿಸಿ, ಧರ್ಮಗ್ರಂಥಗಳನ್ನು ಹೊಸ ವಿದ್ಯೆಯ ಬೆಳಕಿನಲ್ಲಿ ಓದುವವರನ್ನು ಖಂಡಿಸಿದರು. ಎವೆಲಿನ್ ಅಂಥ ಓದಿನವರೇ. ಮನಸ್ಸಿಗೆ ಸುಳ್ಳು ಹೇಳಿ ಒಳಗೆ ಹೋಗಲು ಅವರಿಗೆ ಆಗಲಿಲ್ಲ. ಗಂಡನ ಮಾತಿಗೆ ನಿಂತ ಹೆಜ್ಜೆ ಪೋಪರ ಮಾತಿಗೆ ಪೂರ್ತಿ ನಿಂತುಹೋಯಿತು.

ನಮ್ಮಲ್ಲಿ ಈ ಬಗ್ಗೆ ಜಗಳವೇ ಆಯಿತು. ಗಂಡನಿಗಾಗಿ ತನ್ನ ದಾರಿ ಬಿಟ್ಟಳಲ್ಲ ಎಂದು ನಮ್ಮ ಒಬ್ಬ ಗೆಳತಿಗೆ ಸಿಟ್ಟು. ಅಕ್ಕ ಹಾಗೆ ಬಿಟ್ಟಳೇ? ಇನ್ನೊಬ್ಬರು, ಅರಮನೆ ಬಿಟ್ಟು ಹೋಗುವುದೊಂದೇ ದಾರಿಯಾದರೆ ಉಳಿದ ಹೆಣ್ಣುಮಕ್ಕಳ ಗತಿಯೇನು ಅಂದರು. ಜಗಳ ಮುಗಿದಿಲ್ಲ.

ಯಾವ ಚರ್ಚಿನ ಬಾಗಿಲೂ ತನ್ನದಲ್ಲ ಎಂಬ ಆ ಸ್ಥಿತಿಯಲ್ಲೇ ಎವೆಲಿನ್ 1911ರಲ್ಲಿ 'ಮಿಸ್ಟಿಸಿಸಂ' ಎಂಬ ದೊಡ್ಡ ಗ್ರಂಥ ಹೊರತಂದರು. ಆಗ ಅವರಿಗೆ 35 ವರ್ಷ. ಧರ್ಮಶಾಸ್ತ್ರದ ಪದವಿ ಇಲ್ಲ, ಕಾಲೇಜಿನಲ್ಲಿ ಕುರ್ಚಿ ಇಲ್ಲ. ನಮ್ಮ ಕಡೆ ಇಂಥದೇ ಕೆಲಸ ಮಾಡಿದ ಜಮಖಂಡಿಯ ಗುರುದೇವ ರಾನಡೆಯವರು ತತ್ವಶಾಸ್ತ್ರದ ಪ್ರಾಧ್ಯಾಪಕರು. ನಿಂಬಾಳದಲ್ಲಿ ಆಶ್ರಮ ಮಾಡಿಕೊಂಡಿದ್ದ ಅವರ ಮಹಾರಾಷ್ಟ್ರದ ಸಂತರ ಗ್ರಂಥ ಬಂದದ್ದು 1933ರಲ್ಲಿ. ಎವೆಲಿನ್ ಮನೆವಾರ್ತೆ ನಡೆಸುತ್ತ, ಬಂದ ಅತಿಥಿಗಳಿಗೆ ಊಟಕ್ಕಿಡುತ್ತ ಬರೆದವರು. 1930ರ ಹೊತ್ತಿಗೆ ಆ ಗ್ರಂಥ 12ನೇ ಆವೃತ್ತಿ ಕಂಡಿತ್ತು.

ಅನುಭಾವಿಯ ದಾರಿಯನ್ನು ಅವರು ಐದು ಘಟ್ಟವಾಗಿ ವಿವರಿಸಿದರು. ಮೊದಲು ಎಚ್ಚರ. ಆಮೇಲೆ ತನ್ನನ್ನು ತೊಳೆದುಕೊಳ್ಳುವುದು. ಮೂರನೆಯದು ಬೆಳಕು. ನಾಲ್ಕನೆಯದು ಆ ಬೆಳಕೂ ಆರಿಹೋಗಿ ದೇವರೇ ಕೈಬಿಟ್ಟ ಎನಿಸುವ ಕತ್ತಲ ರಾತ್ರಿ. ಕೊನೆಗೆ ಐಕ್ಯ. ಷಟ್‌ಸ್ಥಲ ಬಲ್ಲವರಿಗೆ ಭಕ್ತನಿಂದ ಐಕ್ಯದವರೆಗಿನ ಆರು ಮೆಟ್ಟಿಲು ನೆನಪಾಗಬಹುದು. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಐಕ್ಯಕ್ಕೆ ತೀರಾ ಹತ್ತಿರ ಕತ್ತಲನ್ನು ಇಟ್ಟದ್ದು ಆ ಕಡೆಯವರ ವಿಶೇಷ.

ಇನ್ನು ಕಬೀರ. 1912-13ರಲ್ಲಿ ಟಾಗೋರರು ಲಂಡನ್ನಿಗೆ ಬಂದಾಗ ಪರಿಚಯವಾಯಿತು. ಶಾಂತಿನಿಕೇತನದ ಕ್ಷಿತಿಮೋಹನ ಸೇನರು ಕಬೀರನ ಪದಗಳನ್ನು ಸಂಗ್ರಹಿಸಿ ಬಂಗಾಳಿ ಅನುವಾದದೊಡನೆ ಅಚ್ಚು ಹಾಕಿಸಿದ್ದರು. ಅಜಿತಕುಮಾರ ಚಕ್ರವರ್ತಿಯವರು ಇಂಗ್ಲಿಷಿನ ಕರಡು ಮಾಡಿದ್ದರು. ಅವುಗಳಿಂದ ನೂರು ಪದಗಳನ್ನು ಟಾಗೋರರು ಇಂಗ್ಲಿಷಿಗೆ ತಂದರು, ಎವೆಲಿನ್ ಜೊತೆಗೆ ಕೂತು ತಿದ್ದಿದರು, ದೀರ್ಘ ಮುನ್ನುಡಿ ಬರೆದರು. ಪುಸ್ತಕ 1914ರಲ್ಲಿ ಲಂಡನ್ನಿನಲ್ಲಿ ಬಂತು, ಮರುವರ್ಷ ಮ್ಯಾಕ್‌ಮಿಲನ್ ಅಚ್ಚು ಹಾಕಿತು. ಮಗ್ಗದ ಮುಂದೆ ಕೂತ ನೇಕಾರನೊಬ್ಬ ಹೆಂಡತಿ-ಮಕ್ಕಳ ನಡುವೆಯೇ ದೇವರನ್ನು ಕಂಡ ಎಂಬುದು ಎವೆಲಿನ್‌ಗೆ ಬಹಳ ಹಿಡಿಸಿತ್ತು. ಮುದನೂರಿನ ಜೇಡರ ದಾಸಿಮಯ್ಯನ ಸುದ್ದಿಯನ್ನು ಅವರಿಗೆ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಆ ಪುಸ್ತಕಕ್ಕೆ ಕುಂದೂ ಉಂಟು. ಅದರಲ್ಲಿರುವ ಬಹಳಷ್ಟು ಪದಗಳು ಕಬೀರನ ಹಳೇ ಹಸ್ತಪ್ರತಿಗಳಲ್ಲಿಲ್ಲ ಎಂದು ನಂತರದ ವಿದ್ವಾಂಸರು ತೋರಿಸಿದ್ದಾರೆ. ಪಂಡಿತನನ್ನೂ ಮುಲ್ಲಾನನ್ನೂ ಬೈಯುವ ಖಾರದ ಕಬೀರ ಅಲ್ಲಿ ಮೆತ್ತಗಾಗಿದ್ದಾನೆ. ಕಮಲಾಪುರದ ಅಜ್ಜ ಹಾಡುವ ಕಬೀರನೇ ಹೆಚ್ಚು ಖಾರ.

1914ರಲ್ಲೇ ಮೊದಲ ಮಹಾಯುದ್ಧ ಶುರುವಾಯಿತು. ಸಾಮಾನ್ಯ ಜನಕ್ಕಾಗಿ ಎಂದು ಎವೆಲಿನ್ ಬರೆದ 'ಪ್ರಾಕ್ಟಿಕಲ್ ಮಿಸ್ಟಿಸಿಸಂ' ಎಂಬ ಚಿಕ್ಕ ಪುಸ್ತಕ ಅಚ್ಚಿಗೆ ಸಿದ್ಧವಾಗಿತ್ತು. ಊರಿಗೆ ಊರೇ ಸಾಯುವಾಗ ಧ್ಯಾನದ ಪುಸ್ತಕ ಯಾಕೆ ಎಂಬ ಪ್ರಶ್ನೆಯನ್ನು ಮುನ್ನುಡಿಯಲ್ಲಿ ಅವರೇ ಎತ್ತಿಕೊಂಡು, ಈಗಲೇ ಬೇಕು ಎಂದು ವಾದಿಸಿದರು. ಆದರೆ ಅದೇ ಯುದ್ಧದಲ್ಲಿ ಅವರು ನೌಕಾಪಡೆಯ ಗುಪ್ತಚರ ವಿಭಾಗದ ಕಚೇರಿಯಲ್ಲಿ ಕೆಲಸ ಮಾಡಿದರು, ಆಫ್ರಿಕಾದ ಮಾಹಿತಿ ಕೈಪಿಡಿಗಳನ್ನು ಸಿದ್ಧಪಡಿಸಿದರು. ಅನುಭಾವದ ಬಗ್ಗೆ ದೇಶಕ್ಕೇ ಹೇಳಿದ ಲೇಖಕಿ ಆ ವರ್ಷಗಳಲ್ಲಿ ಒಳಗೆ ಕುಸಿದರು. ಅದನ್ನು ಅವರು ಮುಂದೆ ಮುಚ್ಚಿಡಲಿಲ್ಲ.

1921ರಲ್ಲಿ ಅವರು ಬ್ಯಾರನ್ ಫ್ರೀಡ್ರಿಕ್ ಫಾನ್ ಹ್ಯೂಗೆಲ್ ಎಂಬ ಹಿರಿಯರ ಹತ್ತಿರ ಹೋಗಿ ಮಾರ್ಗದರ್ಶನ ಕೇಳಿದರು. ಅವರು ಪಾದ್ರಿಯಲ್ಲ, ಸಂಸಾರಸ್ಥ ಕ್ಯಾಥೋಲಿಕ್ ವಿದ್ವಾಂಸ. ಅವರಿಗೆ ಈಕೆಯ ರೋಗ ಗೊತ್ತಾಯಿತು: ಎಲ್ಲವೂ ತಲೆಯಲ್ಲಿದೆ. ಇನ್ನೂ ಓದು, ಇನ್ನೂ ಧ್ಯಾನ ಮಾಡು ಎಂದು ಅವರು ಹೇಳಲಿಲ್ಲ. ವಾರಕ್ಕೆ ಎರಡು ಮಧ್ಯಾಹ್ನ ಲಂಡನ್ನಿನ ಬಡವರ ಮನೆಗಳಿಗೆ ಹೋಗಿ ಕೂತು ಬಾ ಅಂದರು. ಶ್ರೀಮಂತ ವಕೀಲರ ಹೆಂಡತಿ ಉತ್ತರ ಕೆನ್ಸಿಂಗ್ಟನ್ನಿನ ಇಕ್ಕಟ್ಟಿನ ಮನೆಗಳ ಮೆಟ್ಟಿಲು ಹತ್ತಿದರು. ಇದನ್ನು ಓದುವಾಗ ನಮಗೆ ಆಯ್ದಕ್ಕಿ ಲಕ್ಕಮ್ಮ ಕಣ್ಮುಂದೆ ಬಂದಳು. ಗಂಡ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸ್ ಸುರಿದು ಬಾ ಎಂದು ಕಳಿಸಿದಾಕೆ. ಹೇಳಿದ್ದು ಬೇರೆ ಬೇರೆ, ಆದರೆ ದೊಡ್ಡ ಮಾತಾಡುವವರನ್ನು ಸಣ್ಣ ಕೆಲಸಕ್ಕೆ ಇಳಿಸುವ ರೀತಿ ಒಂದೇ.

ಆ ಹೊತ್ತಿಗೆ ಎವೆಲಿನ್ ಇಂಗ್ಲೆಂಡಿನ ಚರ್ಚಿಗೇ ಮರಳಿದ್ದರು. ಆಮೇಲಿನ 20 ವರ್ಷ ಅವರ ಕೆಲಸ ಬದಲಾಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಪದವಿ ಕೊಡಲು ಒಪ್ಪಿದ್ದೇ 1920ರಲ್ಲಿ. ಮರುವರ್ಷವೇ ಎವೆಲಿನ್ ಅಲ್ಲಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಧರ್ಮದ ಮೇಲೆ ಉಪನ್ಯಾಸ ಮಾಲೆ ಕೊಟ್ಟರು. 1924ರಿಂದ ಎಸೆಕ್ಸಿನ ಪ್ಲೆಶಿ ಎಂಬ ಹಳ್ಳಿಯಲ್ಲಿ ಧ್ಯಾನಶಿಬಿರ ನಡೆಸತೊಡಗಿದರು. ಶಿಕ್ಷಕಿಯರು, ಗೃಹಿಣಿಯರು ಬರುತ್ತಿದ್ದರು, ಮೌನವಾಗಿ ಮೂರು ದಿನ ಇದ್ದು ಹೋಗುತ್ತಿದ್ದರು. ಮುಂದೆ ಪಾದ್ರಿಗಳೂ ಬಂದು ಎದುರು ಕೂತರು. ಹೆಣ್ಣಿಗೆ ಪಾದ್ರಿ ದೀಕ್ಷೆ ಕೊಡಲು ಆ ಚರ್ಚು 1994ರವರೆಗೆ ಕಾಯಿತು ಎಂಬುದನ್ನು ನೆನೆದರೆ, ಪಾದ್ರಿಗಳಿಗೇ ಪಾಠ ಹೇಳಿದ ಈ ಹೆಣ್ಣುಮಗಳ ಸ್ಥಾನ ಗೊತ್ತಾಗುತ್ತದೆ. ಸುಮಾರು 1930ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರಿಗೇ ಒಂದು ಕಾಗದ ಬರೆದರು: ನಿಮ್ಮ ಪಾದ್ರಿಗಳು ಕೆಲಸದ ಗದ್ದಲದಲ್ಲಿ ಮುಳುಗಿದ್ದಾರೆ, ಪ್ರಾರ್ಥನೆ ಮರೆತಿದ್ದಾರೆ ಎಂಬುದು ಅದರ ಸಾರ. 1938ರಲ್ಲಿ ಅಬರ್ಡೀನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ಎರಡನೇ ಮಹಾಯುದ್ಧ ಬಂದಾಗ ಅವರಿಗೆ 63 ವರ್ಷ, ಆಸ್ತಮಾ ಜೋರಾಗಿತ್ತು. ಮೊದಲ ಯುದ್ಧದಲ್ಲಿ ನೌಕಾಪಡೆಯ ಕಚೇರಿಯಲ್ಲಿ ಕೂತಿದ್ದವರು ಈ ಸಲ ಯುದ್ಧ ಬೇಡ ಅಂದರು. 1939ರಲ್ಲಿ ಚರ್ಚಿನ ಶಾಂತಿವಾದಿಗಳ ಸಂಘ ಸೇರಿದರು. ಮರುವರ್ಷ 'ದಿ ಚರ್ಚ್ ಅಂಡ್ ವಾರ್' ಎಂಬ ಕಿರುಹೊತ್ತಿಗೆ ಬರೆದು, ಕ್ರಿಸ್ತನ ಹೆಸರಿನ ಚರ್ಚು ಯುದ್ಧವನ್ನು ಒಪ್ಪುವಂತಿಲ್ಲ ಎಂದರು. ಹಿಟ್ಲರನ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಹಾಕಿದ ಅದೇ ವರ್ಷ ಅದು. ಶಾಂತಿ ಅಂದವರನ್ನು ಜನ ಹೇಡಿ ಎನ್ನುತ್ತಿದ್ದ ಕಾಲ. ಅವರ ನಿಲುವು ಸರಿಯೋ ತಪ್ಪೋ ಎಂದು ಇಂದಿಗೂ ವಾದಿಸಬಹುದು. ಹಿಟ್ಲರನನ್ನು ಪ್ರಾರ್ಥನೆಯಿಂದ ತಡೆಯಲಾಗುತ್ತಿತ್ತೇ ಎಂಬ ಪ್ರಶ್ನೆ ನಮ್ಮಲ್ಲೂ ಬಂತು. ಆದರೆ ಮೊದಲ ಯುದ್ಧದಲ್ಲಿ ಬರೆದದ್ದೊಂದು, ಮಾಡಿದ್ದೊಂದು ಆಗಿತ್ತು. ಎರಡನೆಯದರಲ್ಲಿ ಹಾಗಾಗಲು ಅವರು ಬಿಡಲಿಲ್ಲ.

1941ರ ಜೂನ್ 15ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ತೀರಿಕೊಂಡರು. ಯುದ್ಧ ಇನ್ನೂ ನಡೆದಿತ್ತು. ಮಕ್ಕಳಿರಲಿಲ್ಲ. ಇಂಗ್ಲೆಂಡಿನ ಚರ್ಚು ಈಗ ಪ್ರತಿ ವರ್ಷ ಅದೇ ದಿನ ಅವರನ್ನು ಸ್ಮರಿಸುತ್ತದೆ.

ಕಬೀರನ ಆ ಪುಸ್ತಕ, 'ಪ್ರಾಕ್ಟಿಕಲ್ ಮಿಸ್ಟಿಸಿಸಂ' ಎರಡೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ತಾಣದಲ್ಲಿ ಪುಕ್ಕಟೆ ಇವೆ, ಮೊಬೈಲಿನಲ್ಲೇ ಇಳಿಸಿಕೊಳ್ಳಬಹುದು. ಇಂಗ್ಲಿಷ್ ಸ್ವಲ್ಪ ಹಳೇದು, ಕಾಲೇಜು ಓದುವ ಮಕ್ಕಳು ಮನೆಯಲ್ಲಿದ್ದರೆ ಕೂರಿಸಿಕೊಂಡು ಓದಿಸಿ. ನಮ್ಮ ಕೈಗೆ ಸಿಕ್ಕಿದ ಹಳೇ ಪ್ರತಿಯನ್ನು ಹೊಸ ರಟ್ಟು ಹಾಕಿಸಿ ಕಮಲಾಪುರದ ಅಜ್ಜನಿಗೆ ಕೊಟ್ಟು ಬಂದೆವು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಮೊಮ್ಮಗಳು ಬಿ.ಎ. ಓದುತ್ತಿದ್ದಾಳೆ, "ಆಕಿ ಓದ್ತಾಳ, ನಾ ಕೇಳ್ತೀನಿ" ಅಂದರು.