ಗರಿಕೆಗೆ ಅದರದೇ ಪಂಚಾಂಗ: ಗಾಲ್ಫ್ ಮೈದಾನದ ಹುಲ್ಲಿನ ಆರೈಕೆ ಬೆಳೆದು ಬಂದ ಬಗೆ

ಗಾಲ್ಫ್ ಮೈದಾನದ ಹುಲ್ಲನ್ನು ನೋಡಿಕೊಳ್ಳುವುದು ಒಂದು ಕಸುಬಾಗಿ ರೂಪುಗೊಂಡದ್ದು ಸ್ಕಾಟ್ಲೆಂಡಿನ ಕಡಲಂಚಿನ ಮರಳು ನೆಲದಲ್ಲಿ. ಮೊದಲಿಗೆ ಕುರಿ, ಮೊಲಗಳು ಮೇಯ್ದಷ್ಟೇ ಅಲ್ಲಿನ ಕತ್ತರಿ. ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರ ರೂಪಿಸಿದ್ದು 1830ರಲ್ಲಿ. ಸೇಂಟ್ ಆಂಡ್ರ್ಯೂಸ್ ಮೈದಾನದ ಪಾಲಕ ಓಲ್ಡ್ ಟಾಮ್ ಮಾರಿಸ್ ಗ್ರೀನ್‌ಗಳ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸುಗಳ ಮೇಲೆ ಮರಳು ಎರಚುವ ರೂಢಿಯನ್ನು ನೆಲೆಗೊಳಿಸಿದರು. ಇಂದಿನ ಟಾಪ್ ಡ್ರೆಸ್ಸಿಂಗ್ ಅದರದೇ ಮುಂದುವರಿಕೆ. 1920ರಲ್ಲಿ ಅಮೆರಿಕದ ಗಾಲ್ಫ್ ಸಂಘ ಗ್ರೀನ್ ಸೆಕ್ಷನ್ ಎಂಬ ವಿಭಾಗ ತೆರೆಯಿತು. 1929ರಲ್ಲಿ ಇಂಗ್ಲೆಂಡಿನ ಬಿಂಗ್ಲಿಯಲ್ಲಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಂದ ಪುಸ್ತಕ, ವೇಳಾಪಟ್ಟಿಗಳು ಹೊರಬಂದವು. ಅವುಗಳಲ್ಲಿ ಹೆಚ್ಚಿನವು ಬೆಂಟ್, ಫೆಸ್ಕ್ಯೂ ಮುಂತಾದ ಚಳಿನಾಡಿನ ಹುಲ್ಲಿಗೆ ಬರೆದವು ಎಂಬುದನ್ನು ಉಷ್ಣವಲಯದ ಓದುಗರು ಬಹಳ ಕಾಲ ಮರೆತೇ ಇದ್ದರು.

ಭಾರತಕ್ಕೆ ಈ ಆಟ ಬೇಗ ಬಂತು. ಕಲ್ಕತ್ತದ ಕ್ಲಬ್ 1829ರದು, ಬೆಂಗಳೂರಿನದು 1876ರದು. ನೀರಿಲ್ಲದ ಊರುಗಳಲ್ಲಿ ಗ್ರೀನ್ ಬದಲಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ಮರಳಿನ ‘ಬ್ರೌನ್’ಗಳಿದ್ದವು. ಅದನ್ನು ಬಡತನದ ಏರ್ಪಾಟು ಎಂದು ಕಡೆಗಣಿಸುವವರುಂಟು. ಇರುವ ನೀರಿಗೆ ತಕ್ಕ ಆಟದ ನೆಲ ಅದು.

ಬಿಸಿಲುನಾಡಿನ ಹುಲ್ಲಿಗೆ ನಿಜವಾದ ಶಾಸ್ತ್ರ ಹುಟ್ಟಿದ್ದು ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ, ತಳಿವಿಜ್ಞಾನಿ ಗ್ಲೆನ್ ಬರ್ಟನ್ ಅವರ ಕೈಯಲ್ಲಿ. ಇಂಗ್ಲಿಷಿನಲ್ಲಿ ಬರ್ಮುಡಾ ಹುಲ್ಲು ಎಂದು ಹೆಸರಾದದ್ದು ಗಣಪತಿಗೆ ಏರಿಸುವ ನಮ್ಮ ಗರಿಕೆಯೇ. ಅದನ್ನು ಆಫ್ರಿಕದ ನವಿರಾದ ಒಂದು ಸೋದರ ಜಾತಿಯೊಡನೆ ಬೆರೆಸಿ ಬರ್ಟನ್ 1956ರಲ್ಲಿ ಟಿಫ್‌ಗ್ರೀನ್, 1960ರಲ್ಲಿ ಟಿಫ್‌ವೇ ತಳಿಗಳನ್ನು ಹೊರತಂದರು. ಟಿಫ್‌ಗ್ರೀನ್ ನೆಟ್ಟ ಗ್ರೀನ್‌ಗಳಲ್ಲಿ ತಾನಾಗಿ ಕಾಣಿಸಿಕೊಂಡ ಕುಳ್ಳ ರೂಪವೇ 1965ರ ಟಿಫ್‌ಡ್ವಾರ್ಫ್. ಇವು ಬೀಜ ಕಟ್ಟುವುದಿಲ್ಲ, ಕಾಂಡದ ತುಂಡುಗಳನ್ನೇ ನೆಡಬೇಕು. ಹಾಗಾಗಿ ನೆಡುವ ಕಾಲದ ಆಯ್ಕೆಯೇ ಅರ್ಧ ಕೆಲಸ. 1960ರಲ್ಲೇ ಅಮೆರಿಕದ ಸಂಘ ಗ್ರೀನ್ ಕಟ್ಟುವ ಅಳತೆಯನ್ನೂ ಪ್ರಕಟಿಸಿತು: ಕೆಳಗೆ ಸುಮಾರು 10 ಸೆಂಟಿಮೀಟರ್ ಜಲ್ಲಿ, ಮೇಲೆ 30 ಸೆಂಟಿಮೀಟರ್ ಮರಳು ಪ್ರಧಾನವಾದ ಬೇರುನೆಲ. ಮಳೆ ಸುರಿದರೂ ನೀರು ನಿಲ್ಲದ ಗ್ರೀನ್ ಇದರಿಂದ ಸಾಧ್ಯವಾಯಿತು. ಮಳೆಗಾಲದ ನಾಡಿಗೆ ಈ ಕ್ಷೇತ್ರದಿಂದ ಇದಕ್ಕಿಂತ ದೊಡ್ಡ ಉಪಕಾರ ಆಗಿಲ್ಲ.

ಆಮೇಲೆ ಬಂದದ್ದು ವೇಗದ ಗೀಳು. ಚೆಂಡು ಎಷ್ಟು ದೂರ ಉರುಳುತ್ತದೆ ಎಂದು ಅಳೆಯುವ ಸ್ಟಿಂಪ್‌ಮೀಟರ್ 1978ರಿಂದ ಕ್ಲಬ್‌ಗಳ ಕೈಗೆ ಸಿಕ್ಕಿತು. ಒಂದೇ ಮೈದಾನದ ಗ್ರೀನ್‌ಗಳು ಸಮವಾಗಿರಲಿ ಎಂಬುದು ಅದರ ಉದ್ದೇಶ, ಆದರೆ ಕ್ಲಬ್‌ಗಳು ಪೈಪೋಟಿಗೆ ಇಳಿದವು. ಟಿವಿಯಲ್ಲಿ ಕಾಣುವ ಅಮೆರಿಕದ ಅಗಸ್ಟಾ ಮೈದಾನದ ಹಸಿರು ಎಲ್ಲರ ಆದರ್ಶವಾಯಿತು. ಆ ಹಸಿರು ಏಪ್ರಿಲ್‌ನ ಒಂದು ಪಂದ್ಯಕ್ಕೆಂದು ಸಜ್ಜಾದದ್ದು. ಗ್ರೀನ್‌ವರೆಗಿನ ಉದ್ದ ಹುಲ್ಲುಹಾದಿಯಾದ ಫೇರ್‌ವೇಯ ಬರ್ಮುಡಾ ಮೇಲೆ ಪ್ರತಿ ಶರತ್ಕಾಲದಲ್ಲಿ ರೈ ಹುಲ್ಲಿನ ಬೀಜ ಬಿತ್ತುತ್ತಾರೆ, ಬೇಸಿಗೆಯಲ್ಲಿ ಮೈದಾನವನ್ನೇ ಮುಚ್ಚುತ್ತಾರೆ. ವರ್ಷವಿಡೀ ಆಡುವ ಊರಿಗೆ ಅದನ್ನು ಮಾದರಿ ಮಾಡಿಕೊಳ್ಳುವುದು ತಪ್ಪು.

ಬೆಂಗಳೂರಿನ ವರ್ಷ ಬೇರೆಯದೇ. ಶಿವರಾತ್ರಿ ಕಳೆದು ನೆಲ ಕಾಯುತ್ತಿದ್ದಂತೆ ಗರಿಕೆ ಚಿಗುರುತ್ತದೆ. ಕಾಂಡ, ಬೇರುಗಳು ಸತ್ತು ಮೆತ್ತೆಯಾಗಿ ಕೂತ ಥ್ಯಾಚ್ ಪದರವನ್ನು ಸೀಳಿ ತೆಗೆಯಲು ಅದು ಹದವಾದ ಹೊತ್ತು. ಟೊಳ್ಳು ಮೊಳೆಗಳಿಂದ ಮಣ್ಣಿನ ಕೊಳವೆಗಳನ್ನು ಕಿತ್ತು ಮರಳು ತುಂಬುವ ಏರೇಷನ್‌ಗೆ ಏಪ್ರಿಲ್, ಮೇ ಒಳ್ಳೆಯದು. ಭರಣಿಯ ಗುಡುಗು ಮಳೆ ಬಿದ್ದರೆ ಎರಡು ಮೂರು ವಾರದಲ್ಲಿ ತೂತುಗಳು ಮುಚ್ಚಿಕೊಳ್ಳುತ್ತವೆ. ಹೊಸ ತುಂಡುಗಳನ್ನು ನೆಡಲು ರೋಹಿಣಿ, ಮೃಗಶಿರಾ ಮಳೆಗಳ ನಡುವಿನ ದಿನಗಳೇ ಲೇಸು. ರೈತನ ಲೆಕ್ಕವೇ ಇಲ್ಲೂ ನಡೆಯುತ್ತದೆ.

ಪುಸ್ತಕಗಳು ಕೈಕೊಡುವುದು ಜುಲೈ, ಆಗಸ್ಟ್‌ನಲ್ಲಿ. ಅವುಗಳ ಪ್ರಕಾರ ಅದು ಬರ್ಮುಡಾದ ಭರ್ಜರಿ ಬೆಳವಣಿಗೆಯ ಕಾಲ. ಬೆಂಗಳೂರಿನಲ್ಲಿ ಆಗ ದಿನಗಟ್ಟಲೆ ಮೋಡ, ಜಿಟಿಜಿಟಿ ಮಳೆ. ನೆರಳು ಸಹಿಸದ ಗರಿಕೆ ಬೆಳಕಿಲ್ಲದೆ ಸೊರಗುತ್ತದೆ. ಆಗ ಮೂವರ್‌ನ ಬ್ಲೇಡನ್ನು ಒಂದು ಮಿಲಿಮೀಟರ್‌ನಷ್ಟು ಮೇಲೆತ್ತಬೇಕು, ಸಾರಜನಕ ತಗ್ಗಿಸಬೇಕು, ಪೊಟ್ಯಾಷನ್ನು ಮಳೆಗೆ ಮುಂಚೆಯೇ ಕೊಟ್ಟಿರಬೇಕು. ಭಾರದ ಯಂತ್ರಗಳನ್ನು ಒದ್ದೆ ಕೆಂಪುಮಣ್ಣಿನ ಫೇರ್‌ವೇಗೆ ಇಳಿಸಬಾರದು. ಜೇಕು ಕಳೆ ತಲೆಯೆತ್ತುವುದೂ, ಸೈನಿಕ ಹುಳು ರಾತ್ರೋರಾತ್ರಿ ಹುಲ್ಲು ಬೋಳಿಸುವುದೂ ಈ ತಿಂಗಳುಗಳಲ್ಲೇ. ಚಿತ್ತೆ, ಸ್ವಾತಿ ಮಳೆ ಮುಗಿದು ಮಾಗಿ ಹಿಡಿದರೆ ಬೆಳವಣಿಗೆ ನಿಧಾನವಾಗುತ್ತದೆ. ಇಬ್ಬನಿ ಕೂತಲ್ಲಿ ಬಿಲ್ಲೆಯಷ್ಟಗಲದ ಡಾಲರ್ ಸ್ಪಾಟ್ ಕಲೆ ಏಳುತ್ತದೆ. ಬೆಳಗ್ಗೆ ಉದ್ದ ಕೋಲಿನಿಂದ ಇಬ್ಬನಿ ಝಾಡಿಸುವ ಮಾಲಿ ಎಷ್ಟೋ ಸಲ ಶಿಲೀಂಧ್ರನಾಶಕದ ಖರ್ಚು ಉಳಿಸಿರುತ್ತಾನೆ. ದೆಹಲಿಯ ಚಳಿಗೆ ಗರಿಕೆ ಒಣಗಿ ಹಳದಿಯಾಗುವುದರಿಂದ ಅಲ್ಲಿ ರೈ ಬಿತ್ತುವುದಕ್ಕೆ ಅರ್ಥವಿದೆ. ಬೆಂಗಳೂರಿನಲ್ಲಿ ಸ್ವಲ್ಪ ಕಬ್ಬಿಣಾಂಶ ಸಿಂಪಡಿಸಿದರೆ ಸಾಕು.

ಇಂಥ ತಿಳಿವಳಿಕೆಯ ಬಹುಭಾಗ ಮಾಲಿಗಳ ಕೈಯಲ್ಲಿದೆ, ಕಾಗದದಲ್ಲಿಲ್ಲ. ಯಾವ ಮಳೆಗೆ ಎಷ್ಟು ಎತ್ತರ ಕತ್ತರಿಸಿದರು, ಯಾವ ವಾರ ರೋಗ ಕಂಡಿತು ಎಂಬ ದಿನಚರಿ ಇಟ್ಟ ಮೈದಾನಕ್ಕೆ ಹೊರಗಿನ ಸಲಹೆಗಾರರ ಅಗತ್ಯ ಅಷ್ಟಾಗಿ ಬೀಳದು. ಮಾಲಿ ನಿವೃತ್ತನಾದ ದಿನ ಆ ಲೆಕ್ಕವೂ ಗೇಟು ದಾಟುತ್ತದೆ.

ನೀರಿನ ವಿಷಯದಲ್ಲಿ ಇಂಥ ದಿನಚರಿಯ ಕೊರತೆ ಹೆಚ್ಚು ಕಾಡುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿತು. ಹುಲ್ಲಿಗೆ ಇನ್ನು ಸಂಸ್ಕರಿಸಿದ ಕೊಳಚೆ ನೀರೇ ಗತಿ, ಅದೇ ಸರಿ ಕೂಡ. ಆ ನೀರಿನ ಸೋಡಿಯಂ ಬೇಸಿಗೆಯಿಡೀ ಮಣ್ಣಿನಲ್ಲಿ ಕೂತು ಜೇಡಿಯನ್ನು ಬಿಗಿಯಾಗಿಸುತ್ತದೆ. ಮೇ ತಿಂಗಳಲ್ಲಿ ಜಿಪ್ಸಂ ಹಾಕಿ, ತೂತು ತೆರೆದಿಟ್ಟರೆ ಮುಂಗಾರಿನ ಮೊದಲ ಜೋರು ಮಳೆಗಳು ಆ ಉಪ್ಪನ್ನು ಬೇರಿನ ಕೆಳಕ್ಕೆ ತೊಳೆದು ಒಯ್ಯುತ್ತವೆ.