ಅಮ್ಮೀಟರ್ ಹೇಳದ ಕಥೆ

ಜಲಜನಕದ ಫ್ಯುಯೆಲ್ ಸೆಲ್ ಅಂದ್ರೆ ಏನೋ ಹೊಸದು ಅಂದ್ಕೋಬೇಡಿ. 1842ರಲ್ಲೇ ವಿಲಿಯಂ ಗ್ರೋವ್ (ವೃತ್ತಿಯಲ್ಲಿ ವಕೀಲ, ನೋಡಿ!) ತನ್ನ ಗ್ಯಾಸ್ ಬ್ಯಾಟರಿ ಬಗ್ಗೆ ಬರೆಯುತ್ತಾ ಒಂದು ಸೂಕ್ಷ್ಮ ಹೇಳಿದ್ದ: ಕೆಲಸ ನಡೆಯೋದು ಪ್ಲಾಟಿನಂ ಹಾಳೆಯ ತುಂಬಾ ಅಲ್ಲ, ಅನಿಲ, ದ್ರವ, ಪ್ಲಾಟಿನಂ ಮೂರೂ ಕೂಡುವ ಗೆರೆಯಲ್ಲಿ.

ಕರೆಂಟು ಎಷ್ಟು ಅನ್ನೋದಲ್ಲ, ಎಲ್ಲಿ ಹುಟ್ಟುತ್ತೆ ಅನ್ನೋದೇ ನನಗೆ ಇದರಲ್ಲಿ ರುಚಿಸಿದ ಪ್ರಶ್ನೆ. 1965ರಲ್ಲಿ ಜೆಮಿನಿ 5 ನೌಕೆಯಲ್ಲಿ ಫ್ಯುಯೆಲ್ ಸೆಲ್ ಬಾಹ್ಯಾಕಾಶಕ್ಕೂ ಹೋಗಿಬಂತು. ಆದರೆ ಒಳಗಿನ ನಕ್ಷೆ ತೆಗೆಯೋದು ಸುಲಭವಿರಲಿಲ್ಲ. ಸೆಲ್ಲಿನ ಫಲಕಗಳು ಒಳ್ಳೆಯ ವಾಹಕಗಳು, ಹಾಗಾಗಿ ವೋಲ್ಟೇಜು ಎಲ್ಲೆಡೆ ಹೆಚ್ಚುಕಮ್ಮಿ ಒಂದೇ. ಕರೆಂಟು ಹಾಗಲ್ಲ. ಒಣ ಗಾಳಿ ಒಳಬರುವ ಕಡೆ ಪೊರೆ ಒಣಗಿರುತ್ತೆ. ಹೊರಹೋಗುವ ಕಡೆ ಆಮ್ಲಜನಕ ಕಮ್ಮಿ, ಮೇಲೆ ನೀರು ತುಂಬಿ ರಂಧ್ರಗಳು ಮುಚ್ಚಿರುತ್ತವೆ. ಹೊರಗಿನ ಅಮ್ಮೀಟರ್ ಎಲ್ಲವನ್ನೂ ಕೂಡಿ ಒಂದೇ ಸಂಖ್ಯೆ ಕೊಟ್ಟು ಸುಮ್ಮನಾಗುತ್ತೆ. ಪ್ರೊಫೈಲರ್ ಇಲ್ಲದೆ ಪ್ರೋಗ್ರಾಂ ನಿಧಾನ ಅಂತ ಬೈದ ಹಾಗೆ :)

1998ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಕ್ಲೆಗಾರ್ನ್ ಮತ್ತು ಸಂಗಡಿಗರು ಮಾಡಿದ ಉಪಾಯ ನೋಡಿ: ನಮ್ಮ ಕಂಪ್ಯೂಟರಿನೊಳಗಿರುವಂಥದ್ದೇ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡನ್ನು ಫಲಕದ ಜಾಗದಲ್ಲಿಟ್ಟು, ಅದರ ಮೇಲ್ಮೈಯನ್ನು ತುಂಡುತುಂಡು ಮಾಡಿ, ಪ್ರತಿ ತುಂಡಿನ ಕರೆಂಟು ಬೇರೆಬೇರೆ ಅಳೆದರು! ಅದೇ ವರ್ಷ ಸ್ಟಂಪರ್ ಮತ್ತಿತರರು ಇನ್ನೂ ಬೇರೆ ದಾರಿಗಳನ್ನು ತೋರಿಸಿದರು. 2000ದಲ್ಲಿ ಹಾಲ್ ಸೆನ್ಸರ್‌ಗಳೂ ಬಂದವು. ತುಂಡು ಮಾಡಿದರೂ, ಮೇಲಿನ ಇಂಗಾಲದ ಪದರ ಅಖಂಡವಾಗಿದ್ದರೆ ಕರೆಂಟು ಪಕ್ಕಕ್ಕೆ ಹರಿದು ನಕ್ಷೆ ಮಸುಕಾಗುತ್ತೆ, ಅದೊಂದು ತಲೆನೋವು.

ಇಷ್ಟೆಲ್ಲ ಯಾಕೆ ಅಂತೀರಾ? ಒಂದು ಮೂಲೆಗೆ ಜಲಜನಕ ತಲುಪದಿದ್ದರೆ ಎದುರು ಬದಿಯ ಇಂಗಾಲ ಸವೆದುಹೋಗುತ್ತೆ. ಆಗಲೂ ಸೆಲ್ಲಿನ ಒಟ್ಟು ವೋಲ್ಟೇಜು ನೋಡೋಕೆ ಚೆನ್ನಾಗೇ ಇರಬಹುದು.