ತುಂಡು ಬಟ್ಟೆಯ ಪಾಠ

ಕಸೂತಿ ಕಲಿಸುವಾಗ ಅವ್ವ ನಮ್ಮ ಕೈಗೆ ಮೊದಲಿಗೇ ಸೀರೆ ಕೊಡುತ್ತಿರಲಿಲ್ಲ, ಒಂದು ತುಂಡು ಬಟ್ಟೆ ಕೊಡುತ್ತಿದ್ದಳು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಬಿಚ್ಚಿದರೆ ಸೀರೆಯ ಮೇಲೆ ತೂತಿನ ಗುರುತು ಉಳಿಯುತ್ತದೆ. ಅದಕ್ಕೇ ತುಂಡು ಬಟ್ಟೆ. ಆದರೆ ಆ ತುಂಡನ್ನೂ ಅವ್ವ ಆರಿಸಿ ಕೊಡುತ್ತಿದ್ದಳು. ಸೀರೆಯ ನೇಯ್ಗೆ ಎಂಥದೋ ತುಂಡಿನ ನೇಯ್ಗೆಯೂ ಅಂಥದೇ ಇರಬೇಕು. ಒರಟು ಬಟ್ಟೆಯ ಮೇಲೆ ಕಲಿತ ಕೈ ನುಣುಪು ಸೀರೆಗೆ ಬಂದಾಗ ಲೆಕ್ಕ ತಪ್ಪುತ್ತದೆ ಎನ್ನುತ್ತಿದ್ದಳು.

ಈ ಮಾತು ನನಗೆ ನೆನಪಾದದ್ದು ಐವತ್ತು ದಾಟಿದ ಮೇಲೆ, ಕಂಪ್ಯೂಟರಿನ ಮುಂದೆ ಕಣ್ಣೀರು ಹಾಕುತ್ತ ಕುಳಿತಾಗ.

ನಮ್ಮ ಓಣಿಯ ಒಂಬತ್ತು ಹೆಣ್ಣುಮಕ್ಕಳು ಹಾಕಿದ ಕಸೂತಿಯನ್ನು ಮಾರಲು ಒಂದು ವೆಬ್‌ಸೈಟ್ ಮಾಡಿಕೊಂಡಿದ್ದೆವು. ಅದರ ನಿಗಾ ನನ್ನದು. ದೀಪಾವಳಿಗೆ ಎಂಟು ದಿನವಿರುವಾಗ ಹಬ್ಬಕ್ಕೆಂದು ಹೊಸ ಪುಟ ಬರೆದು, ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಚೆನ್ನಾಗಿತ್ತು. ಹಿಗ್ಗಿನಿಂದ ಸರ್ವರಿಗೆ ಏರಿಸಿದೆ. ಇಡೀ ವೆಬ್‌ಸೈಟ್ ಬಿಳಿ ಹಾಳೆಯಾಯಿತು! ಹಳೆಯದರ ಮೇಲೇ ಹೊಸದನ್ನು ಬರೆದಿದ್ದರಿಂದ ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ. ಕಾರಣ ಹುಡುಕುವುದರಲ್ಲೇ ಎರಡು ದಿನ ಹೋದವು. ಆ ಎರಡು ದಿನ ಒಂದು ಬೇಡಿಕೆಯೂ ಬರಲಿಲ್ಲ. ಅದು ಒಂಬತ್ತು ಮನೆಗಳ ಹಬ್ಬದ ರೊಕ್ಕ. ಅವರು ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ತಪ್ಪು ಇಷ್ಟೇ. ಒಂದು ಫೈಲಿನ ಹೆಸರಿನ ಮೊದಲಕ್ಷರ ಇಂಗ್ಲಿಷಿನ ದೊಡ್ಡ ‘ಕೆ’ ಇತ್ತು. ಅದನ್ನು ಕರೆಯುವ ಸಾಲಿನಲ್ಲಿ ನಾನು ಸಣ್ಣ ‘ಕೆ’ ಬರೆದಿದ್ದೆ. ನನ್ನ ಲ್ಯಾಪ್‌ಟಾಪಿನ ವಿಂಡೋಸ್‌ಗೆ ಎರಡೂ ಒಂದೇ. ಸರ್ವರಿನ ಲಿನಕ್ಸ್‌ಗೆ ಅವು ಬೇರೆ ಬೇರೆ ಹೆಸರುಗಳು. ಬೆಂಗಳೂರಿನಲ್ಲಿರುವ ತಂಗಿಯ ಮಗಳು ಫೋನಿನಲ್ಲಿ ಕೇಳಿ ನಕ್ಕಳು: “ದೊಡ್ಡವ್ವಾ, ನೀ ಖಾದಿ ಮ್ಯಾಲೆ ಕಲತು ಇಳಕಲ್ ಸೀರಿ ಮ್ಯಾಲೆ ಸೂಜಿ ಹಾಕೀಯಲ್ಲ!” ಅವ್ವನ ಮೊಮ್ಮಗಳಲ್ಲವೇ!

ಆಕೆ ಹೇಳಿಕೊಟ್ಟ ಉಪಾಯವೇ ವರ್ಚುವಲ್ ಮಶೀನ್. ಅಂದರೆ, ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಮಾಡಿದ ಇನ್ನೊಂದು ಕಂಪ್ಯೂಟರ್. ಒಳಗಿನದಕ್ಕೆ ತಾನು ನಿಜವಾದ ಯಂತ್ರವೆಂದೇ ನಂಬಿಕೆ. ಇಂಥದೊಂದನ್ನು ಮೊದಲು ಯೋಚಿಸಿದವರು ಯಾರು? ಹುಡುಕಿ ಓದಿದಾಗ ಕಥೆ ಹಿಂದಕ್ಕೆ, ನಾವು ಕಂಪ್ಯೂಟರಿನ ಹೆಸರೂ ಕೇಳದಿದ್ದ ಕಾಲಕ್ಕೆ ಹೋಯಿತು.

ಆಗ ಕಂಪ್ಯೂಟರೆಂದರೆ ಒಂದು ಕೋಣೆ ತುಂಬುವ ಯಂತ್ರ. ಯಂತ್ರ ಒಂದು, ಬಳಸುವವರು ಹಲವರು. ಅಮೆರಿಕದ ಕೇಂಬ್ರಿಜ್ ಊರಿನ ಐಬಿಎಂ ವಿಜ್ಞಾನ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೊಮೊ ಮತ್ತು ಅವರ ಸಂಗಡಿಗರು 1964ರ ಕೊನೆಯಲ್ಲಿ ಒಂದು ಕೆಲಸ ಹಿಡಿದರು. ಅದರಿಂದ ಹುಟ್ಟಿದ ಸಿಪಿ-40 ಎಂಬ ವ್ಯವಸ್ಥೆ 1967ರಲ್ಲಿ ಬಳಕೆಗೆ ಬಂತು. ಅದು ಒಂದೇ ಯಂತ್ರವನ್ನು 14 ಯಂತ್ರಗಳಾಗಿ ತೋರಿಸುತ್ತಿತ್ತು. ಒಬ್ಬರ ತಪ್ಪಿನಿಂದ ಒಬ್ಬರದು ಕೆಟ್ಟು ನಿಂತರೆ ಪಕ್ಕದವರಿಗೆ ಸುದ್ದಿಯೂ ತಾಗದು. 1972ರಲ್ಲಿ ಐಬಿಎಂ ಇದೇ ವಿಚಾರವನ್ನು ವಿಎಂ/370 ಎಂಬ ಹೆಸರಿನಲ್ಲಿ ಗಿರಾಕಿಗಳಿಗೆ ಕೊಟ್ಟಿತು.

ಮುಂದೆ ಮನೆಮನೆಗೆ ಸಣ್ಣ ಕಂಪ್ಯೂಟರುಗಳು ಬಂದವು. ಅವುಗಳ ಚಿಪ್ಪಿನ ರಚನೆ ಈ ಕೆಲಸಕ್ಕೆ ಒಗ್ಗುವಂಥದಾಗಿರಲಿಲ್ಲ. 1998ರಲ್ಲಿ ಐವರು ಸೇರಿ ವಿಎಂವೇರ್ ಕಂಪನಿ ಕಟ್ಟಿದರು. ಅವರಲ್ಲಿ ಡಯಾನ್ ಗ್ರೀನ್ ಎಂಬ ಮಹಿಳೆಯೂ ಒಬ್ಬರು. ಹಡಗಿನ ವಿನ್ಯಾಸ ಓದಿ, ಆಮೇಲೆ ಕಂಪ್ಯೂಟರ್ ವಿಜ್ಞಾನಕ್ಕೆ ಬಂದವರು. 2008ರವರೆಗೆ ಕಂಪನಿಯನ್ನು ನಡೆಸಿದವರು. ಒಳಗಿನ ಯಂತ್ರದ ಬಹುಪಾಲು ಆಜ್ಞೆಗಳನ್ನು ನೇರವಾಗಿ ನಡೆಯಬಿಟ್ಟು, ತೊಡಕಿನವನ್ನು ಮಾತ್ರ ಹಿಡಿದು ಬೇರೆಯಾಗಿ ಬರೆದು ನಡೆಸುವ ಜಾಣ್ಮೆ ಅವರದು. 1999ರಲ್ಲಿ ಅವರ ಮೊದಲ ತಂತ್ರಾಂಶ ಹೊರಬಂದಾಗ ಮೇಜಿನ ಮೇಲಿನ ಒಂದೇ ಕಂಪ್ಯೂಟರಿನಲ್ಲಿ ವಿಂಡೋಸೂ ಲಿನಕ್ಸೂ ಅಕ್ಕಪಕ್ಕ ಕುಳಿತವು.

2007ರಲ್ಲಿ ಜರ್ಮನಿಯ ಇನೋಟೆಕ್ ಎಂಬ ಕಂಪನಿ ವರ್ಚುವಲ್‌ಬಾಕ್ಸನ್ನು ಉಚಿತವಾಗಿ ಹೊರತಂದಿತು. 2010ರಲ್ಲಿ ಮಿಚೆಲ್ ಹಾಶಿಮೋಟೊ ಎಂಬ ತರುಣ ವೇಗ್ರಂಟ್ ಬರೆದ. ಆ ಪದಕ್ಕೆ ಅಲೆಮಾರಿ ಎಂದರ್ಥ. ಒಳಗಿನ ಯಂತ್ರದಲ್ಲಿ ಏನೇನಿರಬೇಕೆಂಬ ಪಟ್ಟಿಯನ್ನು ಒಂದು ಸಣ್ಣ ಫೈಲಿನಲ್ಲಿ ಬರೆದಿಟ್ಟರಾಯಿತು. ಅಡುಗೆಯ ಅಳತೆ ಬರೆದ ಚೀಟಿಯಂತೆ ಅದನ್ನು ಯಾರಿಗೆ ಕೊಟ್ಟರೂ ಅದೇ ಯಂತ್ರ ತಯಾರು. ‘ನನ್ನ ಕಂಪ್ಯೂಟರಿನಲ್ಲಿ ಸರಿಯಿತ್ತಲ್ಲ’ ಎಂಬ ಮಾತು ವೆಬ್‌ಸೈಟ್ ಮಾಡುವವರೆಲ್ಲರ ಹಳೆಯ ಗೋಳಂತೆ. ನನ್ನೊಬ್ಬಳದೇ ಅಲ್ಲವೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು! 2013ರಲ್ಲಿ ಡಾಕರ್ ಬಂದ ಮೇಲೆ ಇನ್ನೂ ಹಗುರಾದ ದಾರಿಯಾಯಿತು. ಅದರಲ್ಲಿ ಪ್ರತಿ ಕೆಲಸಕ್ಕೂ ಬೇರೆ ಮನೆ ಕಟ್ಟುವುದಿಲ್ಲ, ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆ ಮಾಡುತ್ತಾರೆ. ನನ್ನಂಥವಳಿಗೆ ಹಳೆಯ ಪೂರ್ತಿ ಮನೆಯೇ ತಿಳಿಯಲು ಸುಲಭವೆನಿಸಿತು.

ಒಂದು ಭಾನುವಾರ ಮಗಳು ಫೋನಿನಲ್ಲಿ ಹೇಳುತ್ತ ಹೋದಳು, ನಾನು ಮಾಡುತ್ತ ಹೋದೆ. ವರ್ಚುವಲ್‌ಬಾಕ್ಸ್ ಹಾಕಿ, ನನ್ನ ಲ್ಯಾಪ್‌ಟಾಪಿನ 8 ಜಿಬಿ ಮೆಮೊರಿಯಲ್ಲಿ 2 ಜಿಬಿ ಅದಕ್ಕೆ ಬಿಟ್ಟುಕೊಟ್ಟು, ಸರ್ವರಿನಲ್ಲಿದ್ದ ಲಿನಕ್ಸನ್ನೇ, ಅದೇ ಆವೃತ್ತಿಯನ್ನೇ ಒಳಗೆ ಕೂರಿಸಿದೆವು. ಫೈಲುಗಳನ್ನೂ ಒಳಗಿನ ಯಂತ್ರದಲ್ಲೇ ಇಡಲು ಆಕೆ ಒತ್ತಿ ಹೇಳಿದಳು. ವಿಂಡೋಸಿನ ಫೋಲ್ಡರಿನಲ್ಲಿಟ್ಟು ಹಂಚಿಕೊಂಡರೆ ದೊಡ್ಡಕ್ಷರ ಸಣ್ಣಕ್ಷರದ ಭೇದ ಮತ್ತೆ ಮುಚ್ಚಿಹೋಗುತ್ತದಂತೆ. ಕೊನೆಗೆ ಸ್ನ್ಯಾಪ್‌ಶಾಟ್ ತೆಗೆಯುವುದನ್ನು ಕಲಿಸಿದಳು. ಆ ಕ್ಷಣದ ಯಂತ್ರ ಇದ್ದಂತೆಯೇ ಉಳಿಯುತ್ತದೆ. ಆಮೇಲೆ ಏನು ಕೆಡಿಸಿದರೂ ಅಲ್ಲಿಗೆ ಮರಳಬಹುದು. ನಂಬಿಕೆಯಾಗಲೆಂದು ನಾನೇ ಒಂದು ಮುಖ್ಯ ಫೈಲನ್ನು ಅಳಿಸಿದೆ. ಅದೇ ಬಿಳಿ ಹಾಳೆ ಬಂತು. ಎದೆ ಧಸಕ್ಕೆಂದಿತು. ಸ್ನ್ಯಾಪ್‌ಶಾಟಿಗೆ ಮರಳಿದೆ, ಎಲ್ಲ ಸರಿಯಾಯಿತು. ಅತ್ತ ನಿಜವಾದ ವೆಬ್‌ಸೈಟಿನಲ್ಲಿ ಅದೇ ಹೊತ್ತಿಗೆ ಯಾರೋ ಒಂದು ಕುಪ್ಪಸದ ಖಣಕ್ಕೆ ಬೇಡಿಕೆ ಕಳಿಸಿದ್ದರು.

ಈಗ ಏನೇ ಹೊಸದು ಬರೆದರೂ ಮೊದಲು ಆ ಒಳಯಂತ್ರದಲ್ಲಿ ಕೆಡಿಸಿ ನೋಡುತ್ತೇನೆ. ಸಂಕ್ರಾಂತಿಯ ಪುಟ ಎರಡು ಸಲ ಅಲ್ಲಿ ಕೆಟ್ಟಿತು. ಒಂಬತ್ತು ಮನೆಗಳಿಗೆ ಅದರ ಸುದ್ದಿಯೇ ತಿಳಿಯಲಿಲ್ಲ.

ಅವ್ವ ಕೊಟ್ಟ ತುಂಡು ಬಟ್ಟೆ ಇನ್ನೂ ನನ್ನ ಟ್ರಂಕಿನಲ್ಲಿದೆ. ಅದರ ಮೇಲೆ ವಾಲಿದ ಗೋಪುರಗಳು ಮೂರು, ನೆಟ್ಟಗಿರುವುದು ಒಂದು.